ಕಾಶೆವ್ವನ ಹಲ್ಲಿ

ಕಾಶೆವ್ವನ ತಲೆ ಮತ್ತೆ ಎಡಕ್ಕೆ ವಾಲಿತು. ಸುಮನ ಎರಡೂ ಕೈಗಳಿಂದ ಗದ್ದ ಹಿಡಿದು ನೆಟ್ಟಗೆ ಮಾಡಿದಳು. ನೆರೆಮನೆಯ ಅಲ್ಲವ್ವ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಹಣೆಗೆ ಸುತ್ತಿ, ಹಿಂದಿನ ಗೂಟಕ್ಕೆ ಬಿಗಿದು ಕಟ್ಟಿದಳು.

"ಜೀವ ಇದ್ದಾಗ ನಾಕ ಮಂದ್ಯಾಗ ತಲಿ ಎತ್ತಿ ಕುಂತಾಕಿ ಅಲ್ಲ. ಈಗ ಕುಂದರ ಅಂದ್ರ ಹೆಂಗ ಕುಂಡ್ರತಾಳ ಹೇಳ," ಎಂದಳು ಅಲ್ಲವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ಬೆಳಗ್ಗೆ ಆರಕ್ಕೆ ಸುಮನ ಚಹಾ ಒಯ್ದಾಗ ಉಸಿರು ನಿಂತಿತ್ತು. ಎಪ್ಪತ್ತೆರಡು ವರ್ಷದ ಜೀವ, ಯಾರನ್ನೂ ಎಬ್ಬಿಸದೆ ಹೋಗಿತ್ತು. ಈಗ ಹೊತ್ತು ಹನ್ನೊಂದು. ಜಳಕ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಎದುರಿಗೆ ಬಸವಣ್ಣೆಪ್ಪನ ಭಜನೆಯ ಮೇಳ ತಾಳ ಹಿಡಿದು ಕೂತಿತ್ತು. ಹೊರಗೆ ಕಟ್ಟೆಯ ಮೇಲೆ ಅವಳ ಅಣ್ಣ ಕೆಂಚಪ್ಪ, ಸುಮನಳ ಮಾವ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಸಣ್ಣಾಕಿ ನೋಡ್ರಿ ನನಗಿಂತ. ಸಣ್ಣಾಕೀನ ಮೊದಲ ಹೋದ್ಲು."

ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಕಣಗಲಾದಿಂದ ಬೀಗರು ಬಂದಿದ್ದರು. ಮುಂದೆ ಬೀಗತಿ ಮಹಾನಂದಾ, ಹಿಂದೆ ಅವಳ ಮಗ, ಸುಮನಳ ಅಳಿಯ ವಿಶಾಲ, ಕೊನೆಗೆ ಸುಮನಳ ಮಗಳು ರಾಧಿಕಾ. ರಾಧಿಕಾ ಒಳಗೆ ಬಂದವಳೇ ಕಾಶೆವ್ವನ ಕಾಲ ಮೇಲೆ ಬಿದ್ದಳು. ಈ ಮಮದಾಪುರದ ಹೆಂಗಸರು ಹಾಡಿ ಹಾಡಿ ಅಳುವವರು. ಇವಳ ಬಾಯಿಂದ ಒಂದು ಸದ್ದೂ ಬರಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ಸುಮನ ಆ ಬೆನ್ನನ್ನೇ ನೋಡುತ್ತ ನಿಂತಳು. ರವಿಕೆ ಸಡಿಲಾಗಿ ಜೋಲುತ್ತಿತ್ತು.

ಮಹಾನಂದಾ ಸುಮನಳ ಬಾಜೂ ಬಂದು ಕೂತಳು.

"ಮಣ್ಣ ಎಷ್ಟಕ್ಕ?"

"ನಾಕಕ್ಕ ಅಂದಾರ್ರಿ."

"ಆತ. ಹೊತ್ತ ಮುಣಗೂದ್ರಾಗ ನಾವು ಊರ ಮುಟ್ಟಬೇಕ್ರಿ. ರಾಧಿಕಾನೂ ಕರ್ಕೊಂಡ ಹೋಗ್ತೀವಿ. ನಾಳಿ ಮನ್ಯಾಗ ಮಂದಿ ಬರೂದೈತಿ."

"ಮೂರ ದಿನದ ಕಾರ್ಯ ಮುಗಿಯೂತನಾ ಇರ್ಲಿ ಅಂತ..." ಸುಮನ ಅಷ್ಟಕ್ಕೇ ನಿಂತಳು.

"ಅಯ್ಯ, ನಾ ಏನ ಬ್ಯಾಡ ಅನ್ನಾಕಿ ಅಲ್ಲರಿ. ಅಕೀನ ಒಲ್ಲೆ ಅಂತಾಳ. ಕೇಳ್ರಿ ಬೇಕಾರ. ಏನ ರಾಧಿಕಾ, ಇರ್ತೀಯೇನ?" ರಾಧಿಕಾ ತಲೆ ಎತ್ತುವಷ್ಟರಲ್ಲಿ ಮಹಾನಂದಾ ಇತ್ತ ತಿರುಗಿಯಾಗಿತ್ತು. "ನೋಡ್ರಿ, ಹೋಗ್ತೀನಿ ಅಂತಾಳ."

ರಾಧಿಕಾ ತೆರೆದ ಬಾಯಿ ಮುಚ್ಚಿ ಕಣ್ಣು ಕೆಳಗೆ ಹಾಕಿದಳು. ಹೇಳಬೇಕು ಎಂದು ಸುಮನ ಅಂದುಕೊಂಡಳು. ಮಣ್ಣು ಮುಗಿಯುವುದರೊಳಗೆ ಹೇಳಲೇಬೇಕು, ಮಗಳು ಇಂದು ಹೋಗುವುದಿಲ್ಲ ಅಂತ. ಆದರೆ ಗಂಡ, ಮಾವ, ಬೀಗರು, ಇಷ್ಟು ಮಂದಿಯ ನಡುವೆ ತಾನು ಎದ್ದು ಮಾತಾಡಿದ್ದು ಯಾವಾಗ ಎಂದು ನೆನೆದರೆ ಒಂದು ದಿನವೂ ನೆನಪಿಗೆ ಬರಲಿಲ್ಲ.

ಮಹಾನಂದಾ ಕಾಶೆವ್ವನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದಳು. ಪಡಸಾಲೆಗೆಲ್ಲ ನೀಲಿ ಬಣ್ಣ. ಅಲ್ಲಿ ಮಾತ್ರ ಎರಡು ಮೊಳದಷ್ಟು ಹಳೆಯ ಸುಣ್ಣ ಹಾಗೇ ಇತ್ತು. ಮಧ್ಯೆ ಯಾವ ಕಾಲದ್ದೋ ಒಂದು ಫೋಟೋ, ಪಕ್ಕದಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಬಲ್ಬು.

"ಮದುವ್ಯಾಗೂ ನೋಡಿದ್ನಿ. ಬಣ್ಣ ಸಾಲಲಿಲ್ಲೇನ್ರಿ ಈ ಗ್ವಾಡಿಗೆ?"

ಸುಮನ ಕಾಶೆವ್ವನ ಸೆರಗು ಸರಿಪಡಿಸಿದಳು. ಉತ್ತರ ಕೊಟ್ಟವಳು ಅಲ್ಲವ್ವ. "ಅದು ಕಾಶೆವ್ವನ ಹಲ್ಲಿ ಜಾಗಾರಿ. ಮಂದಿ ಎಮ್ಮಿ ಸಾಕ್ತಾರ, ನಾಯಿ ಸಾಕ್ತಾರ. ನಮ್ಮ ಕಾಶೆವ್ವ ಹಲ್ಲಿ ಸಾಕಿದ್ಲು."

"ಹಲ್ಲಿ? ಹಲ್ಲಿ ಏನ ಸಾಕೂದ್ರಿ ಯಕ್ಕಾ! ಗ್ವಾಡಿ ಇದ್ರ ಅದ ಇರ್ತೈತಿ."

ಮಹಾನಂದಾ ನಕ್ಕಳು. ಸುತ್ತಲಿದ್ದ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು.

*

ಸುಮನಳೂ ಮದುವೆಯಾಗಿ ಬಂದ ಹೊಸದರಲ್ಲಿ ಹಾಗೆಯೇ ನಕ್ಕಿದ್ದಳು.

ಕಾಶೆವ್ವ ಹದಿನೆಂಟಕ್ಕೆ ನಾಗನೂರಿಗೆ ಮದುವೆಯಾಗಿ ಹೋಗಿ, ಎಂಟು ತಿಂಗಳಿಗೆ ಗಂಡ ತೀರಿಕೊಂಡು ತವರಿಗೆ ಮರಳಿದವಳು. ಅಣ್ಣನ ಮನೆಯಲ್ಲಿ ರೊಟ್ಟಿ ಬಡಿದಳು, ಬುತ್ತಿ ಹೊತ್ತಳು, ಅಣ್ಣನ ಮಗ ಮಹೇಶನನ್ನು ಎತ್ತಿ ಆಡಿಸಿದಳು, ಆಮೇಲೆ ಮಹೇಶನ ಮಗಳು ರಾಧಿಕಾಳನ್ನು. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಗಂಡನ ಆ ಫೋಟೋ, ಮತ್ತು ಫೋಟೋದ ಹಿಂದೆ ಒಕ್ಕಲಿದ್ದ ಹಲ್ಲಿ.

ಹಲ್ಲಿ ತಾನೇ ಇರುವುದು ಬೇರೆ, ಇರಿಸಿಕೊಳ್ಳುವುದು ಬೇರೆ ಎಂದು ಸುಮನಳಿಗೆ ನಿಧಾನಕ್ಕೆ ತಿಳಿಯಿತು. ಪಡಸಾಲೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿರಲಿಲ್ಲ. ಸೊಳ್ಳೆ ಕಚ್ಚಿದರೆ ಕಾಶೆವ್ವ ಬೇವಿನೆಣ್ಣೆ ತಂದು ಎಲ್ಲರ ಕಾಲಿಗೂ ತಾನೇ ಸವರುತ್ತಿದ್ದಳು. ಮನೆಗೆಲ್ಲ ಬಿಳಿ ದೀಪ ಬಂದಾಗ ಆ ಒಂದು ಹಳದಿ ಬಲ್ಬು ಬದಲಿಸಲು ಬಿಡಲಿಲ್ಲ. ಅದರ ಕಾವಿಗೆ ಹಲ್ಲಿ ಬರುತ್ತದೆ, ಬೆಳಕಿಗೆ ಹುಳ ಬರುತ್ತವೆ ಅನ್ನುವಳು. ಬೇಸಿಗೆಯಲ್ಲಿ ದಿನಾ ಸಂಜೆ ತಂಬಿಗೆಯ ನೀರಿಗೆ ಬೆರಳು ಅದ್ದಿ ಗೋಡೆಗೆ ಚಿಮುಕಿಸುವಳು. ಸ್ವಲ್ಪ ಹೊತ್ತಿಗೆ ಫೋಟೋದ ಹಿಂದಿನಿಂದ ಚೂಪು ಮೂತಿ ಹೊರಬಂದು ಹನಿಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು.

"ತಾಟಿನ್ಯಾಗ ಇಟ್ರ ಕುಡಿಯೂದಿಲ್ಲ ಅದು," ಎಂದಿದ್ದಳು ಒಮ್ಮೆ. "ನೀರ ನಿಂತಿದ್ರ ಅದಕ್ಕ ಕಾಣೂದಿಲ್ಲ. ಹನಿ ಮಿಂಚಬೇಕ."

ಒಂದು ವರ್ಷ ಫೋಟೋದ ಹಿಂದೆ ಹಸಿ ಬಟಾಣಿಯಷ್ಟು ಗಾತ್ರದ ಎರಡು ಬಿಳಿ ಮೊಟ್ಟೆ ಇದ್ದವು. ಅವು ಒಡೆಯುವವರೆಗೆ ಎರಡು ತಿಂಗಳು ಗಂಡನ ಫೋಟೋ ಒರೆಸಲಿಲ್ಲ, ಅವನ ತಿಥಿಗೂ ಕೆಳಗಿಳಿಸಲಿಲ್ಲ. ನಿಂತಲ್ಲಿಂದಲೇ ಹೂವು ಏರಿಸಿದಳು. "ಅವರೇನ ಸಿಟ್ಟ ಮಾಡೂದಿಲ್ಲ ಬಿಡ," ಅಂದಳು.

ಇಷ್ಟೆಲ್ಲ ಯಾಕೆ ಎಂಬುದು ತಿಳಿಯಲು ಸುಮನಳಿಗೆ ಇನ್ನೂ ಕೆಲವು ವರ್ಷ ಹಿಡಿಯಿತು.

ಆ ಮನೆಯಲ್ಲಿ ಯಾವುದೇ ಮಾತಿನ ನಡುವೆ ಹಲ್ಲಿ ಲೊಚ್ ಎಂದರೆ ದೊಡ್ಡವರೆಲ್ಲ ಬೆರಳು ಮಡಚಿ ನೆಲ ತಟ್ಟಿ "ಖರೆ, ಖರೆ" ಅನ್ನುತ್ತಿದ್ದರು. ಊರ ಎಲ್ಲ ಮನೆಗಳಲ್ಲೂ ಹಾಗೆ. ಆದರೆ ಕೆಂಚಪ್ಪನಿಗೆ ಅದರ ಮೇಲೆ ಬಲವಾದ ನಂಬಿಕೆ. ಹಲ್ಲಿ ನುಡಿದ ಮಾತನ್ನು ಅವನು ಮೀರುತ್ತಿರಲಿಲ್ಲ. ಕಾಶೆವ್ವನ ಮಾತಿಗೆ ಮನೆಯಲ್ಲಿ ಬೆಲೆ ಇರಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿ ಎದ್ದು ಹೋಗುವಳು. ಗೋಡೆ ಹೂಂ ಅಂದರೆ ಮಾತ್ರ ಅದು ಮಾತು.

ಹಾಗಾಗಿ ಅವಳು ಹೇಳಬೇಕಾದ್ದನ್ನು ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ದೀಪ ಹಚ್ಚಿ, ನೀರು ಚಿಮುಕಿಸಿ, ಹುಳಗಳು ಕೂಡಿ, ಎದುರು ಗೋಡೆಯ ಇನ್ನೊಂದು ಹಲ್ಲಿ ಬಲ್ಬಿನ ಕಡೆ ಬರತೊಡಗಿದರೆ ಫೋಟೋದ ಹಲ್ಲಿ ಬೆದರಿಸಲು ಸದ್ದು ಮಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಗಳಿಗೆಗೆ ಸರಿಯಾಗಿ ಬಾಯಿ ತೆರೆಯುವಳು. "ಅಣ್ಣಾ, ಎಲ್ಲಾ ಕಬ್ಬ ಹಚ್ಚಬ್ಯಾಡ, ಉಣ್ಣಾಕ ಒಂದ ಎಕರೆ ಜ್ವಾಳ ಇರ್ಲಿ." ಲೊಚ್. ಕೆಂಚಪ್ಪ ನೆಲ ತಟ್ಟುವನು. ಜೋಳ ಉಳಿಯುವುದು.

ಎಂಟು ವರ್ಷದ ಹಿಂದೆ ಸುಮನಳ ಅವ್ವ ತವರೂರು ಮೂಡಲಗಿಯಲ್ಲಿ ಹಾಸಿಗೆ ಹಿಡಿದಾಗ ಮನೆಯಲ್ಲಿ ಯಾರೂ ಕಳಿಸಲು ಒಪ್ಪಿರಲಿಲ್ಲ. ಕಬ್ಬು ಕಡಿಯುವವರು ಬಂದಿದ್ದರು, ಇಪ್ಪತ್ತು ಮಂದಿಗೆ ಅಡಿಗೆಯಾಗಬೇಕಿತ್ತು. ಮೂರು ಸಂಜೆ ಕಾಶೆವ್ವ ಬಲ್ಬಿನ ಕೆಳಗೆ ಸುಮ್ಮನೆ ಕೂತಿದ್ದಳು. ನಾಲ್ಕನೆಯ ಸಂಜೆ ಬಾಯಿ ಬಿಟ್ಟಳು. "ಸುಮನನ್ನ ಕಳಸ್ರಿ. ಒಂದ ತಿಂಗಳ ಇರ್ಲಿ. ಅಡಗಿ ನಾ ನೋಡ್ತೀನಿ." ಹಲ್ಲಿ ನುಡಿಯಿತು. ಸುಮನ ಹೋದಳು. ಅವ್ವ ಸುಮನಳ ಕೈಯಲ್ಲಿ ನೀರು ಕುಡಿದು ಸತ್ತಳು.

*

"ಫೋಟೋ ಒಂದರ ಸಿಗವಲ್ದಲ್ಲೋ ಮಾರಾಯಾ," ಎಂದು ಮಹೇಶ ಒಳಹೊರಗೆ ಓಡಾಡುತ್ತಿದ್ದ. ಬಾಗಿಲಿಗೆ ಕಟ್ಟುವ ಬ್ಯಾನರಿಗೆ ಕಾಶೆವ್ವನ ಚಿತ್ರ ಬೇಕಿತ್ತು. ಕೊನೆಗೆ ರಾಧಿಕಾಳ ಮದುವೆಯ ಆಲ್ಬಮಿನಲ್ಲಿ ಒಂದು ಸಿಕ್ಕಿತು. ಊಟದ ಪಂಕ್ತಿಯ ಕೊನೆಯಲ್ಲಿ, ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು, ಅರ್ಧ ಮುಖ.

"ಬಕೀಟ ಕತ್ತರಸಾಕ ಹೇಳ," ಎಂದ ಕೆಂಚಪ್ಪ.

ಸುಮನ ಅಡಿಗೆಮನೆಗೆ ಹೋದಳು. ಬಂದವರ ಚಹಾ ಲೋಟಗಳನ್ನು ರಾಧಿಕಾ ತೊಳೆಯುತ್ತಿದ್ದಳು. ಯಾರೂ ಹೇಳಿರಲಿಲ್ಲ.

"ಬಿಡ ಅದನ್ನ. ಆರಾಮ ಅದಿಯೇನ?"

"ಹೂಂ."

"ಬಡಕ ಆಗಿ."

"ಹೂಂ."

ನಳದ ನೀರು ಸುರಿಯುತ್ತಿತ್ತು. ರಾಧಿಕಾ ಒಂದೇ ಲೋಟವನ್ನು ತಿರುತಿರುಗಿಸಿ ತೊಳೆಯುತ್ತಿದ್ದಳು. "ಪರೀಕ್ಷಾ ಕಟ್ಟಿದ್ದೇನ ಈ ಸಲ?" ಎಂದು ಸುಮನ ಕೇಳಿದಳು. ಬಿ.ಎಸ್ಸಿ. ಕೊನೆಯ ವರ್ಷ ಮದುವೆಯಾದ ಮೇಲೆ ಮುಗಿಸಲಿ ಎಂದು ಮಾತಾಗಿತ್ತು.

"ಅಂಗಡ್ಯಾಗ ಕೆಲಸ ಇರ್ತೈತಿ," ಎಂದಳು ರಾಧಿಕಾ. ತೊಳೆದ ಲೋಟ ಕವುಚಿಟ್ಟು ತಾನೇ ಕೇಳಿದಳು, "ಅವ್ವಾ, ಆಯಿ ಕಡೀಕ ಏನರ ಅಂದಳೇನ?"

"ಏನೂ ಅನ್ನಲಿಲ್ಲ."

"ಅಕೀ ಮಾತಾಡೂದ ಬಿಟ್ಟಿದ್ಲಲ್ಲ, ನನ್ನ ಮದುವಿ ಮಾತಾದಾಗಿಂದ. ನನ್ನ ಮ್ಯಾಲ ಸಿಟ್ಟ ಇತ್ತೇನೋ."

"ಇಲ್ಲವಾ, ನಿನ್ನ ಮ್ಯಾಲ ಅಲ್ಲ," ಎಂದಳು ಸುಮನ. ಅಷ್ಟರಲ್ಲಿ ಪಡಸಾಲೆಯಿಂದ ಮಹಾನಂದಾ "ರಾಧಿಕಾ" ಎಂದು ಕರೆದಳು. ಒಂದೇ ಸಲ, ಸಣ್ಣ ದನಿಯಲ್ಲಿ. ರಾಧಿಕಾ ನಳ ನಿಲ್ಲಿಸುವುದನ್ನೂ ಮರೆತು ಹೋದಳು.

*

ಮೂರು ವರ್ಷದ ಹಿಂದೆ, ದಸರೆಯ ಮರುವಾರ, ಕಣಗಲಾದವರು ಮಾತು ಮುಗಿಸಲು ಬರುವವರಿದ್ದರು. ಹುಡುಗಿಯನ್ನು ಮೊದಲೇ ನೋಡಿ ಹೋಗಿದ್ದರು. ಹೆದ್ದಾರಿಯ ಬದಿಗೆ ಪೈಪು, ಮೋಟರುಗಳ ದೊಡ್ಡ ಅಂಗಡಿ. ಒಬ್ಬನೇ ಮಗ. ಹೊಲ ಇರಲಿಲ್ಲ. ಸುಮನಳಿಗೆ ಬೇಕಾದದ್ದು ಅದೇ. ಜೋಳದ ದಂಟು ಕೊಯ್ದು ಕೊಯ್ದು ತನ್ನ ಅಂಗೈ ಒಡೆದಿದ್ದವು. ಮಗಳ ಕೈ ಮೆತ್ತಗಿರಲಿ ಎಂಬುದಕ್ಕಿಂತ ದೊಡ್ಡ ಆಸೆಯೊಂದು ಆಗ ಅವಳಿಗೆ ಇರಲಿಲ್ಲ.

ಕಾಶೆವ್ವನಿಗೆ ಆ ಸಂಬಂಧ ಸೇರಿರಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಎರಡು ಸಂಜೆಯಿಂದ ಬಲ್ಬಿನ ಕೆಳಗೆ ಹೋಗಿ ಕೂರುತ್ತಿದ್ದಳು, ಮಾತು ಬಾಯಲ್ಲಿಟ್ಟುಕೊಂಡು. ಆ ಕೂರುವಿಕೆ ಏನೆಂದು ಸುಮನಳಿಗೆ ಗೊತ್ತಿತ್ತು. ಮೂಡಲಗಿಗೆ ಹೋಗಬೇಕಾದಾಗ ನೋಡಿದ್ದಳಲ್ಲ.

ಬೀಗರು ಬರುವ ದಿನ ಮಧ್ಯಾಹ್ನ ಕಾಶೆವ್ವ ಎಮ್ಮೆಗೆ ನೀರು ಕುಡಿಸಲು ಹಿತ್ತಲಿಗೆ ಹೋದಾಗ ಸುಮನ ಸ್ಟೂಲು ಹತ್ತಿ ಫೋಟೋ ಸರಿಸಿದಳು. ಹಲ್ಲಿ ಓಡಲಿಲ್ಲ. ಇಷ್ಟು ವರ್ಷ ಕೈ ಎಂದರೆ ನೀರು ಚಿಮುಕಿಸುವ ಕೈ ಎಂದಷ್ಟೇ ಅದಕ್ಕೆ ಗೊತ್ತು. ಗಂಟಲು ಮಾತ್ರ ಮಿಡಿಯುತ್ತಿತ್ತು. ಪುಠಾಣಿ ಕಡಲೆಯ ಪ್ಲಾಸ್ಟಿಕ್ ಡಬ್ಬಿಯನ್ನು ಮೇಲೆ ಕವುಚಿ, ಕೆಳಗಿನಿಂದ ಯಾರದೋ ಲಗ್ನಪತ್ರಿಕೆ ತೂರಿಸಿ, ಮುಚ್ಚಳ ಬಿಗಿದಳು. ಒಳಗೆ ಟಪ್ ಎಂದಿತು. ಬಾಲ ಕಳಚಿ ಡಬ್ಬಿಯ ತಳದಲ್ಲಿ ಹೊರಳಾಡುತ್ತಿತ್ತು.

ಕೂಡಲೇ ಹೊಲಕ್ಕೆ ಒಯ್ದು ಬಿಡುವುದೆಂದು ಮನಸ್ಸಿನಲ್ಲಿತ್ತು. ಆದರೆ ಒಲೆಯ ಮೇಲೆ ಹೋಳಿಗೆಯ ಬೇಳೆ ಇತ್ತು. ಡಬ್ಬಿಯನ್ನು ಹಿತ್ತಲ ಗೋಡೆಯ ಮೇಲಿಟ್ಟು ಬಂದಳು. ಹೂರಣ ರುಬ್ಬಿದಳು, ಕಣಕ ನಾದಿದಳು. ಎರಡು ತಾಸಿನ ಮೇಲೆ ನೆನಪಾಗಿ ಓಡಿದಳು. ಬಿಸಿಲಿಗೆ ಡಬ್ಬಿ ಕೈಸುಡುವಷ್ಟು ಕಾದಿತ್ತು. ಕಾಲುವೆಯ ದಂಡೆಗೆ ಹೋಗಿ ಮುಚ್ಚಳ ತೆಗೆದು ಬಗ್ಗಿಸಿದಳು. ಅದು ಒಣ ಎಲೆಯಂತೆ ಹುಲ್ಲಿನ ಮೇಲೆ ಬಿತ್ತು. ಎದ್ದು ಓಡಿತೋ ಇಲ್ಲವೋ, ಸುಮನ ನಿಂತು ನೋಡಲಿಲ್ಲ.

ಸಂಜೆ ಎಲ್ಲರೂ ಕೂತರು. ಬೀಗರ ಕಡೆಯ ಹಿರಿಯರು ತಾಂಬೂಲದ ತಟ್ಟೆಗೆ ಕೈ ಹಾಕುವಾಗ, ಅಡಿಗೆಮನೆಯ ಹೊಸ್ತಿಲ ಮೇಲಿಂದ ಕಾಶೆವ್ವ ಅಂದಳು, "ಅಣ್ಣಾ, ಈ ಸಂಬಂಧ ಬ್ಯಾಡ."

ಎಲ್ಲರ ಮಾತೂ ನಿಂತಿತು. ಕೆಂಚಪ್ಪ ಗೋಡೆಯ ಕಡೆ ನೋಡಿದ. ಮಹೇಶನೂ ನೋಡಿದ. ಕಾಶೆವ್ವ ನೋಡಲಿಲ್ಲ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಬಲ್ಬಿನ ಸುತ್ತ ಹುಳಗಳು ಹಾರುತ್ತಿದ್ದವು. ಎಷ್ಟು ಹೊತ್ತು ಹಾಗೆ ಕೂತಿದ್ದರೋ.

"ಹಲ್ಲಿನೂ ಸುಮ್ಮನ ಐತಿ ಬಿಡವಾ ತಂಗಿ," ಎಂದು ಕೆಂಚಪ್ಪ ನಕ್ಕ. ಬೀಗರೂ ನಕ್ಕರು. ತಾಂಬೂಲ ಬದಲಾಯಿತು.

ಯಾಕೆ ಬೇಡ ಎಂದು ಯಾರೂ ಕೇಳಲಿಲ್ಲ. ಸುಮನಳೂ.

ಮದುವೆಗೆಂದು ಮನೆಗೆ ಬಣ್ಣ ಹಚ್ಚಿಸಿದಾಗ ಬಣ್ಣದವನಿಗೆ "ಅಷ್ಟ ಜಾಗಾ ಬಿಟ್ಟ ಬಿಡ್ರಿ" ಎಂದವಳು ಸುಮನಳೇ. ಆ ವಾಸನೆಗೆ ಬೇರೆ ಹಲ್ಲಿಯೂ ಅತ್ತ ಸುಳಿಯಲಿಲ್ಲ. ಕಾಶೆವ್ವ ಮಾತ್ರ ದಿನಾ ಸಂಜೆ ಬಲ್ಬು ಹಚ್ಚಿದಳು, ನೀರು ಚಿಮುಕಿಸಿದಳು. ಹನಿಗಳು ತಾವೇ ಇಳಿದು ಒಣಗಿದವು. ಆಮೇಲೆ ಆ ಮನೆಯಲ್ಲಿ ಅವಳ ಮಾತೆಂದರೆ ಹೂಂ, ಊಹೂಂ, ಉಂಡ್ರಿ, ಸಾಕು. ಅಷ್ಟೇ.

ಹೋದ ದೀಪಾವಳಿಗೆ ರಾಧಿಕಾ ಒಂದೇ ದಿನಕ್ಕೆ ಬಂದು ಹೋದಳು. ಹೇಳತೊಡಗಿದ ಯಾವ ಮಾತನ್ನೂ ಮುಗಿಸಲಿಲ್ಲ. ಫೋನು ಬಂದರೆ ಎದ್ದು ನಿಂತು ಮಾತಾಡಿದಳು. ಅವಳು ಹೋದ ಮರುದಿನ ಜೋಳ ಹಸನು ಮಾಡುತ್ತ ಸುಮನ ಕೇಳಿದಳು, "ಅತ್ತಿ, ಅವತ್ತ ನೀವು ಯಾಕ ಬ್ಯಾಡ ಅಂದ್ರಿ?"

ಕಾಶೆವ್ವ ಮೊರದಿಂದ ತಲೆ ಎತ್ತಲಿಲ್ಲ. "ಅವತ್ತ ಕೇಳಿದ್ರ ಅವತ್ತ ಹೇಳ್ತಿದ್ನಿ."

"ಈಗ ಹೇಳ್ರಿ."

"ಹುಡುಗಿ ನೋಡಾಕ ಬಂದಾಗ ಆ ಹುಡುಗಗ ಮೂರ ಸಲ ಕೇಳಿದ್ರು. ಎಷ್ಟ ಕಲತಿ, ಅಂಗಡ್ಯಾಗ ನೀ ಏನ ಮಾಡ್ತಿ, ಹುಡುಗಿ ಮುಂದ ಕಲೀಲೇನ. ಮೂರೂ ಸಲ ತಾಯೀನ ಹೇಳಿದ್ಲು. ಅವ ಬಾಯಿ ತಗದಾಂವ ಹಂಗ ಮುಚ್ಚಿದ. ಹೊಟ್ಟ್ಯಾಗ ಹುಟ್ಟಿದ ಮಗನ್ನ ಮಾತಾಡಗೊಡದಾಕಿ ಸೊಸಿನ್ನ ಬಿಡ್ತಾಳೇನ?" ಕಲ್ಲೊಂದನ್ನು ಆರಿಸಿ ಒಗೆದಳು. "ಐವತ್ತ ವರ್ಷ ಬಾಯಿ ಮುಚ್ಚಿದಾಕಿ ನಾನು. ನನಗಲ್ಲದ ಮತ್ಯಾರಿಗೆ ಗೊತ್ತಾಗಬೇಕ?"

ಸುಮನಳ ಕೈ ನಿಂತುಹೋಯಿತು. ಕಾಶೆವ್ವನ ಕೈ ನಿಲ್ಲಲಿಲ್ಲ.

"ಅದನ್ನ ಯಾವುದ್ರಾಗ ಒಯ್ದಿ?"

ಸುಮನಳ ಕಿವಿ ಬಿಸಿಯಾದವು. ಇಷ್ಟು ದಿನ ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ ಮುದುಕಿ. "ಪುಠಾಣಿ ಡಬ್ಬ್ಯಾಗ್ರಿ," ಎಂದಳು.

"ಮುಚ್ಚಳಕ್ಕ ತೂತ ಹಾಕಿದ್ದೇನ?"

"ಹೂಂರಿ," ಎಂದಳು ಸುಮನ. "ಹಾಕಿದ್ನಿ."

"ಆತ ಬಿಡ. ಹಂಗಾರ ಎಲ್ಲೆರ ಬದಕಿರ್ತೈತಿ," ಎಂದು ಕಾಶೆವ್ವ ಮೊರ ಝಾಡಿಸಿದಳು.

*

ನಾಲ್ಕು ಗಂಟೆಗೆ ಕಾಶೆವ್ವನನ್ನು ವಿಮಾನದಲ್ಲಿ ಕೂರಿಸಿ ಎತ್ತಿದರು. ಚೆಂಡುಹೂವು, ಬಾಳೆಯ ದಿಂಡು ಕಟ್ಟಿದ ಆ ಕುರ್ಚಿಯಲ್ಲಿ ಅವಳು ಊರ ಮುಖ್ಯ ಬೀದಿಯಲ್ಲಿ ಎಲ್ಲರಿಗಿಂತ ಮೇಲೆ ಹೋದಳು. ಕಬ್ಬಿನ ಬದುವಿನ ಮೇಲೆ, ಕೆಂಚಪ್ಪನ ಅಪ್ಪ ಅವ್ವರನ್ನು ಇಟ್ಟ ಮಗ್ಗುಲಲ್ಲಿ ಕುಣಿ ತೆಗೆದಿದ್ದರು. ಕೆಳಗಿಳಿಸಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ವಿಭೂತಿಯ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಇಟ್ಟರು.

ಒಬ್ಬೊಬ್ಬರೇ ಮಣ್ಣು ಕೊಟ್ಟರು. ಸುಮನಳ ಸರದಿ ಬಂದಾಗ ಅವಳು ಬಾಗಿ ಒಂದು ಹಿಡಿ ತುಂಬಿಕೊಂಡಳು. ಕಪ್ಪು ಮಣ್ಣು ಮೇಲೆ ಬಿಸಿ, ಒಳಗೆ ತಂಪಾಗಿತ್ತು. ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಅಂದಳು, "ಅತ್ತಿ, ತೂತ ಹಾಕಿರಲಿಲ್ಲ."

ಹಿಂದೆ ಮಂದಿ "ಹರಹರ ಮಹಾದೇವ" ಎಂದು ಕೂಗಿದರು. ಅವಳ ಮಾತು ಅವಳಿಗೇ ಕೇಳಲಿಲ್ಲ. ಮತ್ತೊಮ್ಮೆ ಹೇಳೋಣವೆಂದರೆ ಹಿಂದಿನವರು "ಸರಿಯವಾ, ಮುಂದ ಸರಿ" ಎಂದರು. ಹಿಡಿ ಬಿಚ್ಚಿ ಎದ್ದಳು.

*

ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಕಾರು ಬಾಗಿಲಿಗೆ ಬಂದು ನಿಂತಿತ್ತು. ವಿಶಾಲ ಹಿಂದಿನ ಬಾಗಿಲು ತೆಗೆದು ಹಿಡಿದಿದ್ದ. ಮಹಾನಂದಾ ಕೆಂಚಪ್ಪನಿಗೆ ಕೈಮುಗಿದಳು.

"ಬರ್ತೀವ್ರಿ ಕಾಕಾರ. ಹತ್ತ ರಾಧಿಕಾ."

ರಾಧಿಕಾ ಹೆಜ್ಜೆ ಎತ್ತಿದಳು.

"ಅಕೀ ಬರೂದಿಲ್ಲ."

ಯಾರು ಅಂದರೆಂದು ಎಲ್ಲರೂ ತಿರುಗಿ ನೋಡಿದರು. ಸುಮನಳೂ ಒಂದು ಕ್ಷಣ ಹಾಗೇ ನಿಂತಳು, ಬೇರೆ ಯಾರೋ ಅಂದಿದ್ದಾರೆ ಎನ್ನುವಂತೆ.

"ಏನಂದ್ರಿ?" ಎಂದಳು ಮಹಾನಂದಾ.

"ರಾಧಿಕಾ ಇವತ್ತ ಬರೂದಿಲ್ರಿ ಅಕ್ಕಾರ. ಇರ್ತಾಳ."

"ಸುಮನಾ, ಒಳಗ ನಡಿ," ಎಂದ ಮಹೇಶ.

ಅವಳು ಹೋಗಲಿಲ್ಲ. ಕಟ್ಟೆಯ ಮೇಲಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರೂ ಹೂಂ ಅನ್ನಲಿಲ್ಲ. ಇಷ್ಟು ಬರಿದಾದ ಜಾಗದಲ್ಲಿ ಮಾತನ್ನು ಇಟ್ಟು ನಿಲ್ಲುವುದು ಎಂಥ ಕೆಲಸ ಎಂದು ಸುಮನಳಿಗೆ ಆಗ ಗೊತ್ತಾಯಿತು. ಆ ಸಂಜೆ ಹೊಸ್ತಿಲ ಮೇಲೆ ನಿಂತವಳಿಗೂ ಹೀಗೇ ಆಗಿರಬೇಕು.

ಮಹಾನಂದಾ ನಕ್ಕಳು. "ಬೀಗ್ತಿಯವರ ದುಃಖದಾಗ ಅದೀರಿ, ತಿಳೀತೈತಿ. ಮೂರನೇ ದಿವಸಕ್ಕ ವಿಶಾಲನ್ನ ಕಳಸ್ತೀನಿ ಹಂಗಾರ, ಕರ್ಕೊಂಡ ಬರ್ತಾನ."

"ಕಳಸಬ್ಯಾಡ್ರಿ. ಯಾವಾಗ ಬರೂದು ಅನ್ನೂದನ್ನ ಅಕೀನ ಹೇಳ್ತಾಳ."

"ಅಕೀನ್ನ ಕೇಳಿರೇನ ನೀವು? ಏನ ರಾಧಿಕಾ—"

"ಅಕ್ಕಾರ, ಸ್ವಲ್ಪ ತಡೀರಿ," ಎಂದಳು ಸುಮನ. "ಅಕೀ ಬಾಯಿ ತಗೀಲಿ."

ಎಲ್ಲರೂ ರಾಧಿಕಾಳನ್ನು ನೋಡಿದರು. ಅವಳು ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಅವನು ತಾಯಿಯ ಮುಖ ನೋಡುತ್ತಿದ್ದ. ರಾಧಿಕಾ ಏನೂ ಹೇಳಲಿಲ್ಲ. ಆದರೆ ಎತ್ತಿದ್ದ ಹೆಜ್ಜೆಯನ್ನು ಮುಂದೆ ಇಡಲೂ ಇಲ್ಲ.

"ಅಯ್ಯ, ಇರ್ಲಿ ಬಿಡ್ರಿ ಯಕ್ಕಾ," ಎಂದು ಅಲ್ಲವ್ವ ನಡುವೆ ಬಂದಳು. "ಇಷ್ಟ ಮಂದಿ ಉಂಡ ತಾಟ ತಿಕ್ಕಾಕ ಒಬ್ರರ ಬ್ಯಾಡೇನ? ಇಲ್ಲಾಂದ್ರ ನೀವ ಇರ್ರಿ, ಬೂದಿ ಕೊಡ್ತೀನಿ."

ಯಾರೋ ಕಿಸಕ್ಕೆಂದರು. ಮಹಾನಂದಾಳ ಮುಖ ಬಿಗಿಯಿತು. ಕೆಂಚಪ್ಪ ನೆಲ ನೋಡುತ್ತ ಕೂತೇ ಇದ್ದ. "ಇದು ಚೊಲೋ ಆಗಲಿಲ್ರಿ," ಎಂದು ಅವಳು ಕಾರು ಹತ್ತಿದಳು. "ನಮ್ಮ ಮನೀಂದ ಒಬ್ರೂ ಕರಿಯಾಕ ಬರೂದಿಲ್ಲ, ನೆನಪ ಇಟ್ಕೋರಿ."

ಸುಮನ ಕಾರಿನ ಹಿಂದಿನಿಂದ ರಾಧಿಕಾಳ ಚೀಲ ಎತ್ತಿ ಕೆಳಗಿಟ್ಟಳು. ಕಾರು ಧೂಳೆಬ್ಬಿಸಿ ಹೋಯಿತು. ಮಹೇಶ ಹೆಂಡತಿಯನ್ನು ದಿಟ್ಟಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದ. ರಾಧಿಕಾ ಇದ್ದಲ್ಲೇ ನಿಂತಿದ್ದಳು. ಮಗಳ ಬದುಕನ್ನು ಉಳಿಸಿದೆನೋ, ಇನ್ನೊಮ್ಮೆ ಕೆಡಿಸಿದೆನೋ, ಅವಳ ಮುಖದಿಂದ ಸುಮನಳಿಗೆ ತಿಳಿಯಲಿಲ್ಲ.

"ಜಳಕಾ ಮಾಡ ಹೋಗ," ಎಂದಳು. "ನೀರ ಕಾದಾವ."

ರಾಧಿಕಾ ಬಚ್ಚಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಅವ್ವಾ, ಒಂದ ಸೀರಿ ಕೊಡ."

ಸುಮನ ಚೀಲದ ಜಿಪ್ಪು ಎಳೆದಳು. ಒಂದು ಸೀರೆ ತೆಗೆದಳು. ಅದರ ಕೆಳಗೆ ಇನ್ನೊಂದಿತ್ತು, ಅದರ ಕೆಳಗೆ ಮತ್ತೊಂದು. ಆರು ಸೀರೆ. ಮಡಿಕೆಯಾಗದ, ಅವಸರದಲ್ಲಿ ತುರುಕಿದ ಚೂಡಿದಾರಗಳು. ಪ್ಲಾಸ್ಟಿಕ್ ಕವರಿನಲ್ಲಿ ಹತ್ತನೆಯ ತರಗತಿಯಿಂದ ಹಿಡಿದು ಬಿ.ಎಸ್ಸಿ. ಎರಡನೆಯ ವರ್ಷದವರೆಗಿನ ಅಂಕಪಟ್ಟಿಗಳು.

ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಇನ್ನೂ ಅಂಗಳ ಸುಡುತ್ತಿತ್ತು. ಒಂದು ದಿನದ ಮಣ್ಣಿಗೆಂದು ಬಂದ ಮಗಳ ಚೀಲದ ತಳದಲ್ಲಿ, ನಾಲ್ಕಾಗಿ ಮಡಿಚಿ, ಉಣ್ಣೆಯ ಸ್ವೆಟರೊಂದು ಇತ್ತು.